ಹಗುರ ಪುಲ್ಲಿ

ಇತಿಹಾಸ ಓದುವವನಿಗೆ ಎಂಜಿನ್ನಿನ ಗೊಡವೆ ಏಕೆಂದು ಮಿತ್ರರು ನಗಬಹುದು. ಆದರೆ ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಪುಲ್ಲಿ, ಬೆಲ್ಟುಗಳು ಹೊಸತಲ್ಲ. ನಮ್ಮ ವಿದ್ಯುತ್ ಮಗ್ಗದ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ರೇಷ್ಮೆಯ ಎಳೆ ಪದೇಪದೇ ತುಂಡಾದರೆ ತಂದೆಯವರು ಮೋಟಾರಿಗೆ ಸಣ್ಣ ಪುಲ್ಲಿ ಹಾಕಿ ಮಗ್ಗದ ಓಟವನ್ನು ತಗ್ಗಿಸುತ್ತಾರೆ. ಬಾಲ್ಯದಿಂದಲೂ ಇದನ್ನು ನೋಡಿದ್ದ ನಾನು, ಭಾವನವರ ಕಾರಿನ ವಿಷಯದಲ್ಲಿ ಅದನ್ನು ಮರೆತೆ.

ಭಾವನವರು ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದರು. ಕ್ರ್ಯಾಂಕ್ ಶಾಫ್ಟಿನ ತುದಿಯ ಭಾರವಾದ ಪುಲ್ಲಿಯನ್ನು ತೆಗೆದು ಚಿಕ್ಕದೊಂದು ಅಲ್ಯೂಮಿನಿಯಂ ಪುಲ್ಲಿ ಹಾಕಿದರೆ ಗಾಡಿ ಚುರುಕಾಗುತ್ತದೆಂದು ಯಾರೋ ಹೇಳಿದ್ದರು. ಮಾತು ಸುಳ್ಳಲ್ಲ. ನೀರಿನ ಪಂಪನ್ನೂ ವಿದ್ಯುತ್ತು ಉತ್ಪಾದಿಸುವ ಆಲ್ಟರ್ನೇಟರನ್ನೂ ಬೆಲ್ಟಿನ ಮೂಲಕ ತಿರುಗಿಸುವುದು ಆ ಪುಲ್ಲಿಯೇ. ಅವು ನಿಧಾನವಾದರೆ ಎಂಜಿನ್ನಿನ ಶಕ್ತಿ ಸ್ವಲ್ಪ ಉಳಿಯುತ್ತದೆ; ಪುಲ್ಲಿ ಹಗುರವಾದಷ್ಟೂ ಎಂಜಿನ್ನು ಬೇಗ ವೇಗಕ್ಕೇರುತ್ತದೆ.

ಒಂದು ಭಾನುವಾರ ಇಬ್ಬರೂ ಕೆಲಸಕ್ಕೆ ಕುಳಿತೆವು. ಗಾಡಿಯನ್ನು ಗೇರಿನಲ್ಲಿಟ್ಟು ನಾನು ಬ್ರೇಕು ತುಳಿದು ಹಿಡಿದೆ. ಭಾವನವರು ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಬೋಲ್ಟು ಬಿಚ್ಚಿದರು. 6 ಅಂಗುಲದ ಪುಲ್ಲಿ ಹೋಗಿ 4½ ಅಂಗುಲದ್ದು ಬಂತು. ಬೆಲ್ಟೂ ಗಿಡ್ಡದ್ದಾಯಿತು. ಸಂಜೆ ದೇವನಹಳ್ಳಿಯ ಕಡೆ ಓಡಿಸಿದಾಗ ಗಾಡಿ ಕಡಿವಾಣ ಸಡಿಲಿಸಿದ ಕುದುರೆಯಂತೆ ಚಿಮ್ಮಿತು. ಇಲ್ಲವೆ, ನಮಗೆ ಹಾಗೆನಿಸಿತು.

ಮಳೆಗಾಲದ ಒಂದು ರಾತ್ರಿ ತಂದೆಯವರಿಗೆ ಉಬ್ಬಸ ಹೆಚ್ಚಾಯಿತು. ಅವರನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಹೊರಟೆವು. ಯಲಹಂಕದ ಬಳಿ ವಾಹನಗಳ ಸಾಲು ಅಲುಗದೆ ನಿಂತಿತು. ದೀಪ, ವೈಪರು, ಫ್ಯಾನು ಎಲ್ಲವೂ ಒಟ್ಟಿಗೆ ನಡೆಯುತ್ತಿದ್ದವು. ನೋಡನೋಡುತ್ತಿದ್ದಂತೆ ದೀಪಗಳು ಮಂಕಾದವು. ಬ್ಯಾಟರಿಯ ಕೆಂಪು ಗುರುತು ಹೊತ್ತಿತು. ಶಾಖ ತೋರಿಸುವ ಮುಳ್ಳು ಮೇಲೇರಿತು. ಪಕ್ಕದಲ್ಲಿ ತಂದೆಯವರ ಉಸಿರಿನ ಸಿಳ್ಳೆ. ಎಂಜಿನ್ನು ನಿಂತರೆ ಮತ್ತೆ ಹೊರಡುವುದೇ ಎಂಬ ಭಯದಲ್ಲಿ ನನ್ನ ಅಂಗೈ ಬೆವರಿತು.

ಆಗ ಲೆಕ್ಕ ಹೊಳೆಯಿತು. ನಿಂತ ಗಾಡಿಯ ಎಂಜಿನ್ನು 800 ಸುತ್ತು ತಿರುಗುವಾಗ, ಮೊದಲು 2000 ಸುತ್ತು ತಿರುಗುತ್ತಿದ್ದ ಆಲ್ಟರ್ನೇಟರು ಈಗ 1500 ಮಾತ್ರ ತಿರುಗುತ್ತಿತ್ತು. ನೀರಿನ ಓಟವೂ ಕಾಲು ಭಾಗ ತಗ್ಗಿತ್ತು. ನಾನು ಹೇಳಿದಂತೆ ಭಾವನವರು ಗೇರು ತಪ್ಪಿಸಿ, ಆಕ್ಸಿಲರೇಟರನ್ನು ತುಸು ಒತ್ತಿ ಹಿಡಿದರು. ದೀಪ ಬೆಳಗಿತು, ಮುಳ್ಳು ಮೆಲ್ಲನೆ ಇಳಿಯಿತು. ಹೀಗೆ ನಿಲ್ಲುತ್ತ, ಗುರುಗುಟ್ಟುತ್ತ, ಆಸ್ಪತ್ರೆ ಸೇರಿದೆವು.

ನಾಲ್ಕು ದಿನದ ಮೇಲೆ ಮನೆಗೆ ಬಂದ ತಂದೆಯವರು ಎಲ್ಲವನ್ನೂ ಕೇಳಿ ತಿಳಿದುಕೊಂಡು, "ಅಳಿಯಂದಿರು ಕಾರಿನ ಆಸೆಗೆ ಮಾಡಿದರು. ಮಗ್ಗದ ಮನೇಲಿ ಹುಟ್ಟಿದ ನಿನಗೂ ಹೊಳೀಲಿಲ್ಲವೇನೋ? ಪುಲ್ಲಿ ಚಿಕ್ಕದಾದರೆ ಯಾವುದರ ಓಟ ಕಮ್ಮಿ ಆಗುತ್ತೆ ಅಂತ ಮೊದಲು ನೋಡಬೇಡವೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಹಳೆಯ ಪುಲ್ಲಿಯನ್ನು ಮತ್ತೆ ಹಾಕಿಸುವಾಗ ಮೆಕ್ಯಾನಿಕ್ ಅದರೊಳಗಿನ ರಬ್ಬರಿನ ಉಂಗುರವನ್ನು ತೋರಿಸಿದರು. ಪ್ರತಿ ಸ್ಫೋಟಕ್ಕೂ ಕ್ರ್ಯಾಂಕ್ ಶಾಫ್ಟು ತಿರುಚಿ ನಡುಗುತ್ತದೆ. ಆ ನಡುಕವನ್ನು ನುಂಗಿಕೊಳ್ಳುವುದು ಈ ಉಂಗುರ. ನಾವು ಹಾಕಿದ್ದ ಗಟ್ಟಿ ಪುಲ್ಲಿಯಲ್ಲಿ ಅದು ಇರಲೇ ಇಲ್ಲ. ಪಂದ್ಯದ ಗಾಡಿಯ ಎಂಜಿನ್ನನ್ನು ಆಗಾಗ ಬಿಚ್ಚಿ ಪರೀಕ್ಷಿಸುತ್ತಾರೆ. ನಮ್ಮದು ಸಂಸಾರ ಹೊತ್ತು ವರ್ಷಗಟ್ಟಲೆ ಓಡಬೇಕಾದದ್ದು. ನಾವು ಕೆಲಸವಿಲ್ಲದ ಭಾರವೆಂದು ಕಿತ್ತೆಸೆದದ್ದು ಸದ್ದಿಲ್ಲದೆ ದುಡಿಯುತ್ತಿತ್ತು.

ಅಲ್ಯೂಮಿನಿಯಂ ಪುಲ್ಲಿ ಈಗ ನನ್ನ ಮೇಜಿನ ಮೇಲೆ, ಕಾಗದ ಹಾರದಂತೆ ಕುಳಿತಿದೆ. ಆ ಕೆಲಸಕ್ಕೂ ಅದು ತುಸು ಹಗುರವೇ.