ಸಂಧಿಕಾರ್ಯ

ವ್ಯಾಕರಣ ಕಲಿಸುವವನಿಗೆ ಯಂತ್ರಗಳ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಕೇಳಲಿ. ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂಬುದು ನನಗೆ ಇಂದಿಗೂ ತಿಳಿಯದು. ಆದರೆ ಎರಡು ವಸ್ತುಗಳು ಸೇರುವ ಜಾಗ ಕಂಡರೆ ನಿಂತು ನೋಡುವ ಚಪಲ, ವರ್ಷಗಟ್ಟಲೆ ಸಂಧಿಪ್ರಕರಣ ಪಾಠಮಾಡಿದ್ದರಿಂದಲೋ ಏನೋ, ಅಂಟಿಕೊಂಡುಬಿಟ್ಟಿದೆ. ನಮ್ಮ ಮನೆಯ ನಲ್ಲಿಗೂ ರಬ್ಬರು ಕೊಳವೆಗೂ ನಡುವೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ನಲ್ಲಿ ನೆಟ್ಟಗಿದೆ, ಕೊಳವೆಯೂ ನೆಟ್ಟಗಿದೆ; ನೀರು ಮಾತ್ರ ಮಲ್ಲಿಗೆ ಬಳ್ಳಿಗೆ ಹೋಗದೆ ನನ್ನ ಪಂಚೆಗೆ ಬರುತ್ತದೆ. ಇದು ಲೋಪಸಂಧಿ. ನಡುವೆ ಒಂದು ವಾಷರು ಬಂದು ಕೂತರೆ ಆಗಮಸಂಧಿ. (ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ಅಂಕ ಕೊಡಲಾರೆ.)

ಬೆಂಕಿ ಆರಿಸುವ ಕೊಳವೆಯನ್ನು ಬಳಕೆಗೆ ತಂದವನು ಒಬ್ಬ ಚಿತ್ರಕಾರ ಎಂದರೆ ನಂಬುವುದು ಕಷ್ಟ. ಆಮ್‌ಸ್ಟರ್‌ಡಾಮಿನ ಯಾನ್ ಫಾನ್ ಡೆರ್ ಹೇಡನ್, ಊರಿನ ಮನೆಗಳನ್ನು ಇಟ್ಟಿಗೆ ಇಟ್ಟಿಗೆಯಾಗಿ ಬರೆಯುತ್ತಿದ್ದವನು, 1670ರ ದಶಕದಲ್ಲಿ ತಮ್ಮನೊಡನೆ ಸೇರಿ ತೊಗಲಿನ ಕೊಳವೆಗಳನ್ನು ಮಾಡಿ, ತುಂಡು ತುಂಡನ್ನು ಹಿತ್ತಾಳೆಯ ತಿರುಪಿನಿಂದ ಜೋಡಿಸಿದ. ಅದುವರೆಗೆ ದೂರದಿಂದ ಎರಚುತ್ತಿದ್ದ ನೀರು ಉರಿಯುವ ಮನೆಯ ಒಳಕ್ಕೇ ನಡೆದುಹೋಯಿತು.

ನೀರಿನ ಪಾಡು ಇದಾದರೆ ಗಾಳಿಯದು ಇನ್ನೂ ಕಷ್ಟ. ಇಂಗ್ಲೆಂಡಿನ ರಗ್ಬಿ ಊರಿನಲ್ಲಿ ರಿಚರ್ಡ್ ಲಿಂಡನ್ ಎಂಬ ಮೋಚಿಯಿದ್ದ. ಆಗ ಕಾಲ್ಚೆಂಡಿನ ಒಳಗೆ ಹಂದಿಯ ಮೂತ್ರಕೋಶವನ್ನು ತುಂಬುತ್ತಿದ್ದರು. ಅದನ್ನು ಬಾಯಿಂದಲೇ ಊದಬೇಕು. ಊದುತ್ತಿದ್ದವಳು ಅವನ ಹೆಂಡತಿ. ಹಾಗೆ ಊದಿ ಊದಿಯೇ ರೋಗ ತಗುಲಿ ಸತ್ತಳೆಂದು ಹೇಳುತ್ತಾರೆ. 1862ರ ಸುಮಾರಿಗೆ ಲಿಂಡನ್ ರಬ್ಬರಿನ ಚೀಲ ತಂದ. ಅದು ಬಾಯಿಯ ಉಸಿರಿಗೆ ಬಗ್ಗಲಿಲ್ಲ. ಕಿವಿ ತೊಳೆಯುವ ಪಿಚಕಾರಿಯ ಮಾದರಿಯಲ್ಲಿ ಹಿತ್ತಾಳೆಯ ಪಂಪು ಮಾಡಿದ. ಹಕ್ಕುಪತ್ರ ಮಾಡಿಸಿಕೊಳ್ಳಲಿಲ್ಲ. ಒಬ್ಬ ಹೆಂಗಸಿನ ಉಸಿರು ಮಾಡುತ್ತಿದ್ದ ಕೆಲಸಕ್ಕೆ ಒಂದು ಹಿತ್ತಾಳೆಯ ಮೂತಿ ಬಂದಿತು. ವ್ಯಾಕರಣದಲ್ಲಿ ಇದಕ್ಕೆ ಆದೇಶವೆನ್ನುತ್ತೇವೆ. ಎಷ್ಟು ತಣ್ಣನೆಯ ಮಾತು!

ಚೆಂಡಿಗೆ ಬಾಯಿ ಒಂದೇ. ಅದು ಒಪ್ಪಬೇಕಾದದ್ದು ಒಂದು ಪಂಪಿನೊಡನೆ. ಕೊಳವೆಯ ವಿಷಯ ಹಾಗಲ್ಲ, ಊರೂರೇ ಒಪ್ಪಬೇಕು. 1904ರ ಫೆಬ್ರವರಿ 7ರಂದು ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಿತು. ವಾಷಿಂಗ್ಟನ್ನಿನವರು ಯಂತ್ರಗಳನ್ನು ರೈಲಿಗೆ ಹೇರಿಕೊಂಡು ಧಾವಿಸಿದರು. ಫಿಲಡೆಲ್ಫಿಯಾದಿಂದ, ನ್ಯೂಯಾರ್ಕಿನಿಂದಲೂ ಬಂದರು. ಆಳುಗಳಿದ್ದರು, ಯಂತ್ರಗಳಿದ್ದವು, ಬೀದಿಯ ನಲ್ಲಿಯಲ್ಲಿ ನೀರೂ ಇತ್ತು. ಆದರೆ ಹೊರಗಿನವರ ಕೊಳವೆಯ ಮರೆ ಬಾಲ್ಟಿಮೋರಿನ ನಲ್ಲಿಯ ಮರೆಗೆ ಕೂರಲಿಲ್ಲ. ಒಂದು ಊರಿನ ತಿರುಪಿನ ಹಲ್ಲು ದಪ್ಪ, ಇನ್ನೊಂದು ಊರಿನದು ಸಣ್ಣ. ನೀರಿನ ಪಕ್ಕದಲ್ಲೇ ನೀರಿಲ್ಲದೆ ನಿಂತವರ ಮನಸ್ಸು ಹೇಗಿದ್ದಿರಬೇಕು! ಸುಮಾರು ಮೂವತ್ತು ಗಂಟೆ ಉರಿದು 1,500ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಆಮೇಲೆ ಲೆಕ್ಕ ಹಾಕಿದರೆ, ಆ ದೇಶದಲ್ಲಿ ಕೊಳವೆಯ ಜೋಡಣೆಗಳು ಆರುನೂರಕ್ಕೂ ಹೆಚ್ಚು ಬಗೆ! ಊರಿಗೊಂದು ಕಾಗುಣಿತ. ಮರುವರ್ಷ ಒಂದು ಅಳತೆಯನ್ನು ಗೊತ್ತುಮಾಡಿದರು: ಎರಡೂವರೆ ಅಂಗುಲದ ಕೊಳವೆಗೆ ಅಂಗುಲಕ್ಕೆ ಏಳೂವರೆ ಮರೆ. ಆದರೂ, ನೂರು ವರ್ಷ ಕಳೆದ ಮೇಲೂ ಅದನ್ನು ಒಪ್ಪದ ದೊಡ್ಡ ನಗರಗಳು ಅಲ್ಲಿ ಎಷ್ಟೋ ಇದ್ದವು. ನಮ್ಮ ಪಂಡಿತರೇ ಹಟಮಾರಿಗಳೆಂದು ತಿಳಿದಿದ್ದೆ.

ಈ ಜಗಳಕ್ಕೆ ನನ್ನ ಮನಸ್ಸಿಗೆ ಹಿಡಿಸಿದ ಪರಿಹಾರವೊಂದು ಯೂರೋಪಿನಲ್ಲಿ 19ನೆಯ ಶತಮಾನದ ಕೊನೆಗೇ ಹುಟ್ಟಿತ್ತು. ತಿರುಪಿನ ಜೋಡಣೆಯಲ್ಲಿ ಒಂದು ತುದಿ ಗಂಡು, ಒಂದು ಹೆಣ್ಣು. ಕತ್ತಲೆಯಲ್ಲಿ, ಹೊಗೆಯಲ್ಲಿ, ಎರಡು ಗಂಡು ತುದಿಗಳು ಎದುರಾದರೆ ಕೆಲಸ ಕೆಟ್ಟಿತು. ಗೈಡೊ ಸ್ಟೋರ್ಟ್ಸ್ ಎಂಬ ಎಂಜಿನಿಯರು ಎರಡು ತುದಿಗಳನ್ನೂ ಒಂದೇ ಬಗೆಯಾಗಿ ಮಾಡಿದ. ಎರಡರಲ್ಲೂ ಕೊಕ್ಕೆ, ಎರಡರಲ್ಲೂ ಗಾಡಿ. ಎದುರೆದುರು ಹಿಡಿದು ಸ್ವಲ್ಪ ತಿರುವಿದರೆ ಕಚ್ಚಿಕೊಳ್ಳುತ್ತವೆ. ಯಾವ ತುದಿ ಯಾವುದಕ್ಕೆ ಎಂದು ಹುಡುಕಬೇಕಾಗಿಲ್ಲ. ಸವರ್ಣದೀರ್ಘ ಸಂಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಇನ್ನೂ ಸಿಕ್ಕಿಲ್ಲ.