ಒತ್ತು ಕಾಣದ ಪ್ರಶ್ನೆಪತ್ರಿಕೆ

ಬೋಧನಾಭ್ಯಾಸಕ್ಕೆಂದು ನನಗೆ ಸಿಕ್ಕಿದ್ದು ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಒಂದು ಪ್ರೌಢಶಾಲೆ. ಎಂಟನೇ ತರಗತಿಗೆ ಕನ್ನಡ. ಪಾಠಗಳು ಮುಗಿದ ಮೇಲೆ ಘಟಕ ಪರೀಕ್ಷೆ ಮಾಡಬೇಕಿತ್ತು. ನೀಲನಕ್ಷೆ ಹಾಕಿ, ಹದಿನೈದು ಪ್ರಶ್ನೆ ಬರೆದು, ರಾತ್ರಿ ಕೂತು ನಾನೇ ವರ್ಡ್‌ನಲ್ಲಿ ಟೈಪ್ ಮಾಡಿದೆ. ಪ್ರಶ್ನೆಪತ್ರಿಕೆ ಒಂದೂಕಾಲು ಪುಟ ಬಂತು. ಮೂವತ್ತೆಂಟು ಮಕ್ಕಳಿಗೆ ಎರಡೆರಡು ಪುಟ ಝೆರಾಕ್ಸ್ ಮಾಡಿಸುವುದು ದಂಡ ಅನ್ನಿಸಿತು.

ಹೇಗಾದರೂ ಒಂದೇ ಪುಟಕ್ಕೆ ಇಳಿಸಬೇಕು. ಅಕ್ಷರದ ಗಾತ್ರ 14 ಪಾಯಿಂಟ್ ಇತ್ತು, ಅದನ್ನು ಕಡಿಮೆ ಮಾಡಲು ಮನಸ್ಸು ಬರಲಿಲ್ಲ. ಹಾಗಾಗಿ ಎಲ್ಲವನ್ನೂ ಸೆಲೆಕ್ಟ್ ಮಾಡಿ, ಪ್ಯಾರಾಗ್ರಾಫ್ ಕಿಟಕಿಯಲ್ಲಿ ಲೈನ್ ಸ್ಪೇಸಿಂಗನ್ನು ‘ಎಕ್ಸಾಕ್ಟ್‌ಲಿ’ ಎಂದಿಟ್ಟು 12 ಎಂದು ಬರೆದೆ. ಪುಟ ಒಂದಕ್ಕೆ ಇಳಿಯಿತು. ಸಾಲುಗಳು ಒತ್ತೊತ್ತಾಗಿ ಕಂಡವು, ಆದರೆ ಹಿಗ್ಗಿಸಿ ನೋಡುವ ತಾಳ್ಮೆ ಆಗ ಇರಲಿಲ್ಲ.

ಸ್ವಂತ ವಾಕ್ಯದಲ್ಲಿ ಬಳಸಲು ಕೊಟ್ಟಿದ್ದ ಪದಗಳು ಮಗ್ಗ, ಹಳ್ಳಿ, ಕತ್ತೆ, ಬಳ್ಳಿ. ಹನ್ನೊಂದು ಮಕ್ಕಳು ಹೆಚ್ಚುಕಡಿಮೆ ಒಂದೇ ಬಗೆಯ ಉತ್ತರ ಬರೆದಿದ್ದರು. ‘ನಮ್ಮಪ್ಪನಿಗೆ ನಾನೊಬ್ಬನೇ ಮಗ.’ ‘ರೈಲು ಹಳಿ ಮೇಲೆ ಓಡುತ್ತದೆ.’ ‘ಅಜ್ಜಿ ಕತೆ ಹೇಳಿದರು.’ ನಾನು ಕೆಂಪು ಶಾಯಿಯಲ್ಲಿ ತಪ್ಪು ಹಾಕುತ್ತ ಹೋದೆ. ಫಲಿತಾಂಶ ವಿಶ್ಲೇಷಣೆಯಲ್ಲಿ ‘ಒತ್ತಕ್ಷರಗಳ ಪರಿಚಯ ಕಡಿಮೆ, ಪರಿಹಾರ ಬೋಧನೆ ಅಗತ್ಯ’ ಎಂದು ಅಂದವಾಗಿ ಬರೆದೆ. ಬರೆದದ್ದಷ್ಟೇ ಅಲ್ಲ, ಆ ಹನ್ನೊಂದು ಮಕ್ಕಳನ್ನು ಬೇರೆ ಕೂರಿಸಿ ಒಂದು ಪೂರ್ತಿ ಅವಧಿ ಒತ್ತಕ್ಷರ ತಿದ್ದಿಸಿದೆ. ಕರಿಹಲಗೆ ಮೇಲೆ ನಾನು ಹೇಳಿದ ಪದಗಳನ್ನೆಲ್ಲ ಅವರು ಸರಿಯಾಗಿಯೇ ಬರೆದರು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು.

ಕೊನೆಗೆ ಒಬ್ಬ ಹುಡುಗಿ ಪ್ರಶ್ನೆಪತ್ರಿಕೆಯನ್ನೇ ತಂದು ಮೇಜಿನ ಮೇಲಿಟ್ಟಳು. “ಮಿಸ್, ಇದ್ರಾಗೆ ಒತ್ತೇ ಇಲ್ಲ ನೋಡ್ರಿ.” ನಿಜ. ಸಾಲಿನ ಕೆಳಗೆ ಒತ್ತಿನ ತುದಿ ಮಾತ್ರ ಕೂದಲೆಳೆಯಷ್ಟು ಉಳಿದಿತ್ತು. ಝೆರಾಕ್ಸ್‌ನಲ್ಲಿ ಕೆಲವು ಪ್ರತಿಗಳಲ್ಲಿ ಅದೂ ಹೋಗಿತ್ತು. ಸರಿಯಾಗಿ ಬರೆದ ಮಕ್ಕಳು ಅಂದಾಜಿನಿಂದ ಬರೆದಿದ್ದರು, ಉಳಿದವರು ಕಂಡದ್ದನ್ನು ಓದಿದ್ದರು.

ಇಂಗ್ಲಿಷ್ ಸಾಲಿಗೆ ನಡೆಯುವ ಇಕ್ಕಟ್ಟು ಕನ್ನಡಕ್ಕೆ ನಡೆಯುವುದಿಲ್ಲ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಅದಕ್ಕೆಂದೇ ಕನ್ನಡ ಫಾಂಟುಗಳು ಮೇಲೆ ಕೆಳಗೆ ಜಾಗ ಇಟ್ಟುಕೊಂಡಿರುತ್ತವೆ. ‘ಸಿಂಗಲ್’ ಎಂದರೆ ಫಾಂಟು ತಾನೇ ಕೇಳುವ ಆ ಎತ್ತರ, 14 ಪಾಯಿಂಟಿನ ಅಕ್ಷರಕ್ಕೆ ಸುಮಾರು 20 ಪಾಯಿಂಟ್. ‘ಎಕ್ಸಾಕ್ಟ್‌ಲಿ’ ಫಾಂಟಿನ ಮಾತು ಕೇಳುವುದಿಲ್ಲ, ಹೇಳಿದ ಎತ್ತರಕ್ಕೆ ಸಾಲನ್ನು ಕತ್ತರಿಸುತ್ತದೆ. ‘ಅಟ್ ಲೀಸ್ಟ್’ ಎಂದಿಟ್ಟಿದ್ದರೆ ಕನಿಷ್ಠ ಅಷ್ಟು ಕೊಟ್ಟು, ಫಾಂಟಿಗೆ ಅದಕ್ಕಿಂತ ಹೆಚ್ಚು ಎತ್ತರ ಬೇಕಿದ್ದರೆ ಸಾಲು ತಾನೇ ಹಿಗ್ಗುತ್ತಿತ್ತು.

ಹಾಗಾದರೆ ಜಾಗ ಹೋಗಿದ್ದು ಎಲ್ಲಿ? ಮಾರ್ಗದರ್ಶಕ ಗುರುಗಳು ನನ್ನ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್ ಜೊತೆ 8 ಒತ್ತಿದರು. ಪ್ಯಾರಾ ಮುಗಿಯುವ ಗುರುತುಗಳೆಲ್ಲ ತೆರೆಯ ಮೇಲೆ ಮೂಡಿದವು. ಪ್ರತಿ ಪ್ರಶ್ನೆಯ ನಡುವೆ ಒಂದು ಖಾಲಿ ಸಾಲು, ಒಟ್ಟು ಹದಿನಾಲ್ಕು. ಅಂತರ ಬೇಕೆಂದು ನಾನು ಎರಡೆರಡು ಸಲ ಎಂಟರ್ ಒತ್ತಿದ್ದೆ. ಅವರದ್ದು ಅಡಿಕೆ ತೋಟ ಇದೆ. “ಸಸಿಗೆ ಒಂಬತ್ತು ಅಡಿ ಅಂತರ ಬೇಕು ಅಂದ್ರೆ ಅಳತೆ ಹಿಡಿದು ಗುಂಡಿ ತೆಗೀತೀವಿ. ನಡುವೆ ಒಣಗಿದ ಸಸಿ ನೆಡ್ತೀವೇನಮ್ಮ?” ಅಂದರು. ನನಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಖಾಲಿ ಸಾಲುಗಳನ್ನು ಅಳಿಸಿದೆವು. ಸಾಲಿನ ಅಂತರ ‘ಸಿಂಗಲ್’ಗೆ ವಾಪಸ್. ಪ್ಯಾರಾಗ್ರಾಫಿನ ‘ಆಫ್ಟರ್’ ಎಂಬಲ್ಲಿ 4 ಪಾಯಿಂಟ್. 72 ಪಾಯಿಂಟಿಗೆ ಒಂದು ಇಂಚು. ಹದಿನಾಲ್ಕು ಖಾಲಿ ಸಾಲು ತಿಂದಿದ್ದು 280 ಪಾಯಿಂಟ್, ಈಗ ಅಲ್ಲಿ 56 ಸಾಕಾಯಿತು. ಮೂರು ಇಂಚು ಉಳಿದು, ಒಂದು ಒತ್ತೂ ಕಳೆದುಹೋಗದೆ ಇಡೀ ಪತ್ರಿಕೆ ಒಂದೇ ಪುಟದಲ್ಲಿ ಕೂತಿತು. ಸಾಲಿನೊಳಗಿನ ಅಂತರ ಬೇರೆ, ಪ್ಯಾರಾಗಳ ನಡುವಿನ ಅಂತರ ಬೇರೆ ಎಂದು ನಮಗೆ ಕಂಪ್ಯೂಟರ್ ತರಗತಿಯಲ್ಲಿ ಹೇಳಿಯೇ ಇದ್ದರು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ.

ಮರುದಿನ ಉತ್ತರಪತ್ರಿಕೆಗಳನ್ನು ವಾಪಸ್ ತೆಗೆದುಕೊಂಡು ಕೆಂಪು ಗುರುತುಗಳನ್ನು ಹೊಡೆದು ಹಾಕಿದೆ. ತಪ್ಪು ನನ್ನದು, ಪತ್ರಿಕೆಯಲ್ಲೇ ಒತ್ತು ಇರಲಿಲ್ಲ ಎಂದು ತರಗತಿಯಲ್ಲಿ ಹೇಳಿದೆ. ದಾಖಲೆ ಪುಸ್ತಕದಲ್ಲಿ ಹಳೆಯ ವಿಶ್ಲೇಷಣೆಯನ್ನು ಹರಿಯಲಿಲ್ಲ. ಅದರ ಮೇಲೆ ಒಂದು ಗೆರೆ ಎಳೆದು, ಕೆಳಗೆ ಹೊಸದು ಬರೆದಿದ್ದೇನೆ.

ಹಿಂದಿನ ಬೆಂಚಿನ ಹುಡುಗನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

“ಹಂಗಾದ್ರೆ ನಾನೊಬ್ಬನೇ ಮಗ ಅಂತ ಬರೆದಿದ್ದು ಸರಿನಾ ಮಿಸ್?”

“ಸರಿ ಕಣೋ” ಅಂದೆ.