ರೇಡಿಯೇಟರಿಗೆ ಬಾವಿ ನೀರು

ನಮ್ಮ ಕಡೆ ಕಾರು ಬಿಸಿಯಾದರೆ ಮದ್ದು ಒಂದೇ: ಹತ್ತಿರದ ಮನೆಯ ಬಾವಿಯಿಂದ ಒಂದು ಕೊಡಪಾನ ನೀರು. ಅಪ್ಪ 1998ರ ಮಾರುತಿ 800ಕ್ಕೆ ಇಪ್ಪತ್ತು ವರ್ಷ ಮಾಡಿದ್ದೂ ಅದನ್ನೇ, ಊರಿನ ಉಳಿದವರು ಮಾಡುತ್ತಿದ್ದದ್ದೂ ಅದನ್ನೇ. ಆ ನೀರು ಇಂಜಿನ್ನಿನೊಳಗೆ ಏನು ಮಾಡುತ್ತದೆ ಎಂದು ನನಗೆ ಗೊತ್ತಾದದ್ದು ಇಂಜಿನ್ ಬಿಚ್ಚಿದ ಮೇಲೆ.

ಎಪ್ರಿಲಿನಲ್ಲಿ ಕಾರು ಬ್ರಹ್ಮಾವರ ಪೇಟೆ ಮುಟ್ಟುವ ಮೊದಲೇ ಕುದಿಯತೊಡಗಿತು. ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲು ಚಹಾದ ಬಣ್ಣದ ಕೆನೆ. ಮಳೆಗಾಲದ ತೇವಕ್ಕೂ ಮುಚ್ಚಳದಲ್ಲಿ ಸ್ವಲ್ಪ ಕೆನೆ ಕಟ್ಟುವುದುಂಟು. ಆದರೆ ಆಯಿಲ್ ನೋಡುವ ಕಡ್ಡಿಯಲ್ಲೂ ಅದೇ ಬಣ್ಣ ಬಂದರೆ ನೀರು ಆಯಿಲಿಗೆ ಸೇರಿದೆ ಎಂದೇ ಅರ್ಥ. ಇಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಗ್ಯಾಸ್ಕೆಟ್ ಹೋಗಿರುತ್ತದೆ.

ನೆಂಟರೆಲ್ಲ ಗುಜರಿಗೆ ಹಾಕಿ ಎಂದರು. 1983ರಲ್ಲಿ ಶುರುವಾದ ಈ ಕಾರಿನ ತಯಾರಿ 2014ರಲ್ಲೇ ನಿಂತಿದೆ. ಆದರೆ ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ನಮ್ಮ ಮನೆ ಹಂಗಾರಕಟ್ಟೆ ಬದಿಯಲ್ಲಿ, ಆಸ್ಪತ್ರೆ ಉಡುಪಿಯಲ್ಲಿ. ಡಯಾಲಿಸಿಸ್ ಮುಗಿದ ಮೇಲೆ ಬಸ್ಸಿನಲ್ಲಿ ನಿಂತು ಬರುವ ಶಕ್ತಿ ಅವರಿಗಿಲ್ಲ. ಪ್ರತಿ ಸಲ ರಿಕ್ಷಾ ಮಾಡಿದರೆ ನಮ್ಮ ಕೈಯಲ್ಲಿ ಪೂರೈಸುವುದಿಲ್ಲ. ಹಾಗಾಗಿ ಸ್ಪ್ಯಾನರ್ ಹಿಡಿದೆ. ನಾನು ಓದಿದ್ದು ಪತ್ರಿಕೋದ್ಯಮ. ಜೊತೆಗಿದ್ದವರು ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡಿ ಈಗ ಮನೆಯಲ್ಲಿರುವ ನೆರೆಮನೆಯ ಅಣ್ಣ.

ಮೊದಲು ಬ್ಯಾಟರಿಯ ತಂತಿ ತೆಗೆದೆವು. ಒಂದೊಂದು ಪೈಪ್ ಬಿಚ್ಚುವ ಮೊದಲೂ ಫೋನಿನಲ್ಲಿ ಫೋಟೋ. ಬೋಲ್ಟುಗಳನ್ನು ರಟ್ಟಿನಲ್ಲಿ ತೂತು ಮಾಡಿ, ಇದ್ದ ಜಾಗದ ಕ್ರಮದಲ್ಲೇ ಚುಚ್ಚಿಟ್ಟೆವು. ಟೈಮಿಂಗ್ ಬೆಲ್ಟ್ ತೆಗೆಯುವ ಮೊದಲು ಗುರುತು ಸರಿಹೊಂದಿಸಿದೆವು. ಹೆಡ್ಡಿನ ಬೋಲ್ಟುಗಳನ್ನು ತುದಿಯಿಂದ ನಡುವಿಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಬಿಗಿಯುವಾಗ ನಡುವಿನಿಂದ ತುದಿಗೆ.

ಹೆಡ್ ಎತ್ತಿದಾಗ ಕಂಡದ್ದು ನೀರು ಹರಿಯುವ ತೂತುಗಳ ಸುತ್ತ ಅಲ್ಯೂಮಿನಿಯಂ ಗೆದ್ದಲು ತಿಂದಂತೆ ಗುಂಡಿ ಬಿದ್ದದ್ದು. ರೇಡಿಯೇಟರಿನೊಳಗೆ ತುಕ್ಕಿನ ಕೆಸರು. ಅಣ್ಣ ಕೇಳಿದ ಮೊದಲ ಪ್ರಶ್ನೆ, "ಎಲ್ಲಿ ನೀರ್ ಹಾಕಿದ್ರಿ?"

ಸೀತಾ, ಸ್ವರ್ಣಾ ನದಿಗಳು ಸಮುದ್ರ ಸೇರುವ ಬದಿ ನಮ್ಮದು. ಬೇಸಿಗೆಯಲ್ಲಿ ಬಾವಿಗೆ ಉಪ್ಪು ಬರುತ್ತದೆ. ಕಾರು ಹೆಚ್ಚು ಕಾಯುವುದೂ ಆಗಲೇ, ನೀರು ಹೊಯ್ಯುವುದೂ ಆಗಲೇ. ನೀರು ಆವಿಯಾಗಿ ಹೋದರೂ ಉಪ್ಪು ಒಳಗೇ ಉಳಿದು ಲೋಹ ತಿನ್ನುತ್ತದೆ. "ಬೋಟ್ ಸಮುದ್ರದಲ್ಲೇ ಇದ್ರೂ ಇಂಜಿನ್ನಿನ ಒಳಗೆ ತಿರುಗುದು ಸಿಹಿ ನೀರ್ ಮಾರಾಯಾ" ಎಂದರು ಅಣ್ಣ. ಅಲ್ಲಿ ಸಮುದ್ರದ ನೀರು ಬೇರೆ ಕೊಳವೆಯಲ್ಲಿ ಹರಿದು ಒಳಗಿನ ಸಿಹಿ ನೀರನ್ನು ತಂಪು ಮಾಡುತ್ತದಂತೆ.

ಎಲ್ಲವೂ ಮನೆಯಲ್ಲಿ ಆಗುವ ಕೆಲಸವಲ್ಲ. ಹೆಡ್ಡಿನ ಮೇಲೆ ಸ್ಟೀಲ್ ಪಟ್ಟಿ ಇಟ್ಟು ನೋಡಿದರೆ ನಡುವೆ ಸಂದು ಕಂಡಿತು, ಅಂದರೆ ಬಿಸಿಗೆ ಬಾಗಿದೆ. ಅದನ್ನು ಲೇತ್ ಅಂಗಡಿಯಲ್ಲಿ ಸಮ ಮಾಡಿಸಿದೆವು. ಗ್ಯಾಸ್ಕೆಟ್, ಥರ್ಮೋಸ್ಟಾಟ್, ರೇಡಿಯೇಟರ್ ಹೊಸತು. ಬೋಲ್ಟ್ ಬಿಗಿಯಲು ಟಾರ್ಕ್ ರೆಂಚ್ ಸಾಲ ತಂದೆವು. ಕೈಯಂದಾಜು ಇಲ್ಲಿ ನಡೆಯುವುದಿಲ್ಲ. ಕೆಟ್ಟ ಆಯಿಲ್ ಪೂರ್ತಿ ಇಳಿಸಿ ಹೊಸತು ಹಾಕಿದೆವು. ಎಲ್ಲ ಸೇರಿ ಆದ ಖರ್ಚು ಎರಡು ತಿಂಗಳ ರಿಕ್ಷಾ ಬಾಡಿಗೆಯಷ್ಟು.

ಈಗ ಕಾರಿನಲ್ಲಿ ಕೂಲೆಂಟ್ ಮತ್ತು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧರ್ಧ. ತಯಾರಾಗಿಯೇ ಬರುವ ಕೂಲೆಂಟ್ ಆದರೆ ನೀರು ಬೆರೆಸಬಾರದು, ಡಬ್ಬಿಯ ಮೇಲೆ ಓದಿ ನೋಡಿ. ದಾರಿಯಲ್ಲಿ ಅನಿವಾರ್ಯವಾಗಿ ಬಾವಿ ನೀರು ಹಾಕಿದರೆ ಮನೆಗೆ ಬಂದ ಮೇಲೆ ಇಳಿಸಿ, ತೊಳೆದು, ಕೂಲೆಂಟ್ ತುಂಬಿಸಿ. ಬಿಸಿ ಇರುವಾಗ ಮಾತ್ರ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಇಳಿಸಿದ ಹಳೇ ಕೂಲೆಂಟನ್ನು ಅಂಗಳದಲ್ಲಿ ತೆರೆದಿಡಬೇಡಿ, ಬಾವಿ ಬದಿ ಚೆಲ್ಲಬೇಡಿ. ಅದರ ರುಚಿ ಸಿಹಿ, ಆದರೆ ವಿಷ. ನಾಯಿ, ದನ, ಮಕ್ಕಳು ಬಾಯಿ ಹಾಕಿಯಾರು.

15 ವರ್ಷ ದಾಟಿದ ಕಾರಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ನಮ್ಮದಕ್ಕೆ ಮುಂದಿನ ಸರದಿ 2028. ಅಲ್ಲಿಯ ತನಕ ಆಸ್ಪತ್ರೆ ದಾರಿಗೆ ಇದು ಸಾಕು ಎಂದು ಅಮ್ಮನಿಗೆ ಹೇಳಿದೆ. ಕೂಲೆಂಟಿನ ಕಥೆ ಕೇಳಿದ ಅವರು ನಕ್ಕರು. "ನನ್ನ ಡಯಾಲಿಸಿಸ್ ಮಿಷನ್ನಿಗೂ ಬಾವಿ ನೀರ್ ಹಾಕುದಿಲ್ಲ ಮಗಾ, ಶುದ್ಧ ಮಾಡಿದ ನೀರೇ ಆಯ್ಕ್."